ಸಹಿ ಹೋಗಿ ನಾಲ್ಕು ಅಂಕಿ ಬಂದ ಮೇಲೆ

2006ರ ಫೆಬ್ರವರಿ 14ರಿಂದ ಬ್ರಿಟನ್ನಿನ ಅಂಗಡಿಗಳಲ್ಲಿ ಕಾರ್ಡ್ ಕೊಟ್ಟು ಸಾಮಾನು ಕೊಳ್ಳುವವರು ಸಹಿಯ ಬದಲು ನಾಲ್ಕು ಅಂಕಿಯ ಪಿನ್ ಒತ್ತುವುದು ಕಡ್ಡಾಯವಾಯಿತು. ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಅಂದಿನಿಂದ ಒಂದು ಕನ್ನಡ ಸಹಿ ಕೆಲಸಕ್ಕೆ ಬಾರದಂತಾಯಿತು.

ಆ ಸಹಿ ಮನೆಯೊಡತಿಯದು. ಉಡುಪಿ ಕಡೆಯ ಕ್ರೈಸ್ತ ಕುಟುಂಬದವರು. ಮನೆಮಾತು ಕೊಂಕಣಿ, ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದ ಪ್ರಾರ್ಥನೆಯ ಪುಸ್ತಕದ ಭಾಷೆ ಕೊಂಕಣಿ, ಅಕ್ಷರ ಕನ್ನಡ. ಗ್ರೀನ್‌ಫರ್ಡ್‌ನ ಗೋದಾಮುಗಳ ಸಾಲಿನಲ್ಲಿ ವಿಮಾನದ ಊಟ ಪ್ಯಾಕ್ ಮಾಡುವ ಕಡೆ ಕೆಲಸ ಮಾಡುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅವರ ಮಹಡಿಯ ಕೋಣೆಗೆ ಬಂದೆ. ಅದಕ್ಕೆ ಸ್ವಲ್ಪ ಮೊದಲು ಅವರ ಗಂಡ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಅವರು, ಇಲ್ಲೇ ಹುಟ್ಟಿದ ಅವರ ಒಬ್ಬಳೇ ಮಗಳು ಮತ್ತು ನಾನು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬೆಂಗಳೂರಿನ ಸುದ್ದಿಮನೆಯಿಂದ ಬಂದು ಇಲ್ಲಿನ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದ ನನ್ನನ್ನು ಅವರು ‘ಪೇಪರಿನವರು’ ಎನ್ನುತ್ತಿದ್ದರು.

ಅಕ್ಕ ಕಾರ್ಡಿನ ಹಿಂದಿನ ಬಿಳಿ ಪಟ್ಟಿಯ ಮೇಲೆ ಕನ್ನಡದಲ್ಲಿ ಸಹಿ ಹಾಕಿದ್ದರು. ಹೆಸರಿನ ಮೊದಲ ಅಕ್ಷರ ದೊಡ್ಡದು, ಉಳಿದವು ಒಂದಕ್ಕೊಂದು ತಾಗಿಕೊಂಡು, ಕೊನೆಯ ಒತ್ತಕ್ಷರದ ಬಾಲ ಪಟ್ಟಿಯ ಅಂಚು ದಾಟುತ್ತಿತ್ತು. ಗಂಡ ತೀರಿಕೊಂಡ ಮೇಲೆ ಖಾತೆ ತೆರೆಯುವಾಗ ಬ್ಯಾಂಕಿನವರು ಸಹಿ ಕೇಳಿದರು, ತನಗೆ ಗೊತ್ತಿದ್ದ ಸಹಿ ಅದೊಂದೇ ಎಂದು ಹೇಳುತ್ತಿದ್ದರು. ಆಗ ಅಂಗಡಿಯವರು ಕಾರ್ಡ್ ತಿರುಗಿಸಿ ಹಿಂದಿನ ಸಹಿಯನ್ನೂ ಚೀಟಿಯ ಸಹಿಯನ್ನೂ ಹೋಲಿಸಿ ನೋಡಬೇಕಿತ್ತು. ಹೆಚ್ಚಿನವರು ನೋಡುತ್ತಿರಲಿಲ್ಲ. ಅಕ್ಕನ ಕಾರ್ಡನ್ನು ಮಾತ್ರ ಎಲ್ಲರೂ ನೋಡುತ್ತಿದ್ದರು. ಇದು ಯಾವ ಲಿಪಿ, ಅರಬ್ಬಿಯೇ, ಬರ್ಮಾದ್ದೇ ಎಂದು ಕೇಳುತ್ತಿದ್ದರು. ಕೆಲವರು ಪಕ್ಕದ ಕೌಂಟರಿನವರನ್ನು ಕರೆದು ತೋರಿಸುತ್ತಿದ್ದರು.

“ನನ್ನ ದುಡ್ಡು ಕದಿಯುವ ಕಳ್ಳ ಮೊದಲು ಒಂದನೇ ಕ್ಲಾಸಿಗೆ ಹೋಗ್ಬೇಕು ಮಾರಾಯ್ರೆ,” ಎಂದು ಅಕ್ಕ ನಗುತ್ತಿದ್ದರು. “ಅದೂ ನಮ್ಮೂರ ಶಾಲೆಗೆ. ಟೀಚರ್ ಕಿವಿ ಹಿಂಡಿ ಕಲಿಸ್ಬೇಕು. ಅಷ್ಟು ಕಷ್ಟಪಟ್ಟು ಬಂದ್ರೆ ಪಾಪ, ಸ್ವಲ್ಪ ತಗೊಂಡು ಹೋಗ್ಲಿ.”

ಆ ಮಾತಿಗೆ ಆಧಾರವೂ ಇತ್ತು. ನಾನು ಬಂದ ಎರಡನೆಯ ವರ್ಷ ವೆಂಬ್ಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಯಾರೋ ಅವರ ಕೈಚೀಲ ಕಿತ್ತುಕೊಂಡು ಹೋದರು. ಬ್ಯಾಂಕಿಗೆ ಫೋನ್ ಮಾಡುವಷ್ಟರಲ್ಲಿ ಒಂದು ಚಪ್ಪಲಿ ಅಂಗಡಿಯಲ್ಲೂ ಒಂದು ಬಟ್ಟೆ ಅಂಗಡಿಯಲ್ಲೂ ಕಾರ್ಡ್ ಬಳಕೆಯಾಗಿತ್ತು. ಬ್ಯಾಂಕಿನವರು ಆ ಎರಡು ಅಂಗಡಿಯ ಚೀಟಿಗಳನ್ನು ತರಿಸಿ ಮೇಜಿನ ಮೇಲಿಟ್ಟರು. ಒಂದರಲ್ಲಿ ಮೂರು ಸುರುಳಿ, ಇನ್ನೊಂದರಲ್ಲಿ ಹುಳ ಹರಿದ ಹಾಗೆ ಒಂದು ಗೆರೆ. ಪಕ್ಕದಲ್ಲಿ ಅಕ್ಕನ ಸಹಿ. ಮ್ಯಾನೇಜರ್ ಕ್ಷಮೆ ಕೇಳಿದರು. ಹಣ ಅದೇ ವಾರ ಖಾತೆಗೆ ಬಂತು. ಯಾರೂ ಅವರನ್ನು ಬೇರೇನೂ ಕೇಳಲಿಲ್ಲ.

ಆ ಮೇಲೆ ಅಕ್ಕ ಕಾರ್ಡಿನ ವಿಷಯದಲ್ಲಿ ನಮಗಿಂತ ಹೆಚ್ಚು ಎಚ್ಚರಿಕೆಯಿಂದ ಇರುತ್ತಿದ್ದರು. ಅವಧಿ ಮುಗಿದ ಕಾರ್ಡನ್ನು ಮೀನು ಕತ್ತರಿಸುವ ಕತ್ತರಿಯಲ್ಲಿ ತುಂಡು ಮಾಡಿ, ಅರ್ಧವನ್ನು ಮನೆಯ ಬುಟ್ಟಿಗೂ ಇನ್ನರ್ಧವನ್ನು ಕೆಲಸದ ಕಡೆಯ ಬುಟ್ಟಿಗೂ ಹಾಕುತ್ತಿದ್ದರು. ಕಾರ್ಡನ್ನು ಅಂಗಡಿಯ ಹಿಂದಿನ ಕೋಣೆಗೆ ಒಯ್ಯಲು ಬಿಡುತ್ತಿರಲಿಲ್ಲ. ವೆಂಬ್ಲಿಯಲ್ಲಿ ನಮ್ಮವರ ಅಂಗಡಿಗಳಿರುವ ಈಲಿಂಗ್ ರೋಡಿನ ಒಂದು ಹೋಟೆಲಿನಲ್ಲಿ ಮಾಣಿ ಬಿಲ್ಲಿನ ತಟ್ಟೆಯಲ್ಲಿ ಕಾರ್ಡ್ ಇಟ್ಟುಕೊಂಡು ಒಳಗೆ ಹೊರಟಾಗ, ಕೈ ತೊಳೆಯದೆ ಅವನ ಹಿಂದೆಯೇ ಹೋಗಿ ನಿಂತಿದ್ದರು. ನಮ್ಮ ಪತ್ರಿಕೆ ಕಾರ್ಡ್ ಮೋಸ ತಡೆಯುವ ಬಗೆಗೆ ಒಂದು ಪುಟ ಮಾಡಿದಾಗ ಅದರ ಅರ್ಧದಷ್ಟು ಸಲಹೆಗಳನ್ನು ನಾನು ಅಕ್ಕನನ್ನು ನೋಡಿಯೇ ಬರೆದಿದ್ದೆ.

ಹಣ ತೆಗೆಯುವ ಯಂತ್ರವನ್ನು ಅವರು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಬ್ಯಾಂಕಿಗೆ ಹೋಗಿ ಸರದಿಯಲ್ಲಿ ನಿಂತು ಸಹಿ ಹಾಕಿ ತೆಗೆಯುತ್ತಿದ್ದರು. ಹಾಗಾಗಿ ಪಿನ್ ಕಡ್ಡಾಯವಾದಾಗ ಅವರಿಗೆ ಸಿಟ್ಟು ಬಂತು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಈಲಿಂಗ್ ರೋಡಿಗೆ ಕುಚ್ಚಲಕ್ಕಿ, ತೆಂಗಿನಕಾಯಿ ತರಲು ಹೋದಾಗ ಕೌಂಟರಿನ ಹುಡುಗಿ ಪಿನ್ ಒತ್ತುವ ಯಂತ್ರವನ್ನು ಅವರ ಕಡೆ ತಳ್ಳಿದಳು. ಅಕ್ಕ ಅಭ್ಯಾಸಬಲದಿಂದ ಪೆನ್ನಿಗೆ ಕೈ ಚಾಚಿದರು.

“ಪೆನ್ ಬೇಡ ಆಂಟಿ, ನಂಬರ್ ಹಾಕಿ,” ಎಂದು ಹಿಂದೆ ನಿಂತಿದ್ದ ಬೆಂಗಳೂರಿನ ಹುಡುಗನೊಬ್ಬ ಹೇಳಿದ. ವೀಸಾದ ಮೇಲೆ ಬಂದ ಕಂಪ್ಯೂಟರ್ ಕೆಲಸದವನು, ನಮ್ಮ ಮಾತು ಕೇಳಿ ಕನ್ನಡದವರೆಂದು ತಿಳಿದಿದ್ದ. “ಸೈನ್ ಆದ್ರೆ ಯಾರ್ ಬೇಕಾದ್ರೂ ಕಾಪಿ ಹೊಡೀತಾರೆ. ಇದು ತುಂಬಾ ಸೇಫು.”

“ನನ್ನದು ಕಾಪಿ ಹೊಡೀರಿ ನೋಡುವ,” ಎಂದು ಅಕ್ಕ ಕಾರ್ಡ್ ತಿರುಗಿಸಿ ಅವನ ಮುಖಕ್ಕೆ ಹಿಡಿದರು.

ಅವನು ಸಹಿ ನೋಡಿ ಗಟ್ಟಿಯಾಗಿ ನಕ್ಕ. “ಸೂಪರ್ ಆಂಟಿ. ನಂಗೇ ಓದಕ್ಕಾಗ್ತಿಲ್ಲ.”

“ನೀವು ಯಾವ ಮೀಡಿಯಂ?”

“ಇಂಗ್ಲಿಷ್ ಮೀಡಿಯಂ.”

“ಅದೇ ಹೇಳಿದ್ದು. ಕಳ್ಳನಾಗ್ಲಿಕ್ಕೂ ನೀವು ಆಗುದಿಲ್ಲ.”

ಸರದಿಯಲ್ಲಿ ನಿಂತ ಇಬ್ಬರು ಮೂವರು ನಕ್ಕರು. ಅಂದು ನಾನು ದುಡ್ಡು ಕೊಟ್ಟೆ.

ಅದೇ ಸಂಜೆ ಊಟದ ಮೇಜಿನಲ್ಲಿ ಅಕ್ಕ ಬ್ಯಾಂಕಿನ ಲಕೋಟೆ ಒಡೆದು ಪಿನ್ ಓದಿಕೊಂಡರು. ಮನೆಯಲ್ಲಿ ತಾಯಿ ಮಗಳ ಮಾತು ಕೊಂಕಣಿಯಲ್ಲಿ, ಅದೂ ಒಂದು ಕಡೆಯಿಂದ ಮಾತ್ರ; ಮಗಳು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ನಾನು ಮೇಜಿನಲ್ಲಿದ್ದರೆ ಅಕ್ಕ ಕನ್ನಡಕ್ಕೆ ತಿರುಗುತ್ತಿದ್ದರು; ಮಗೂ ಎಂದು ಕರೆಯುವ ‘ಪುತಾ’ ಮಾತ್ರ ಕೊಂಕಣಿಯಲ್ಲೇ ಉಳಿಯುತ್ತಿತ್ತು. “ಪುತಾ, ಸರಿ ಕೇಳು,” ಎಂದು ಅಂಕಿಗಳನ್ನು ಹೇಳತೊಡಗಿದರು.

“ಮಮ್! ಡೋಂಟ್ ಸೇ ಇಟ್ ಔಟ್ ಲೌಡ್.”

“ಯಾಕೆ? ಇಲ್ಲಿ ಯಾರಿದ್ದಾರೆ? ಪೇಪರಿನವರಾ? ಅವರಿಗೆ ಅವರ ಬೀಗದಕೈಯೇ ನೆನಪಿರುದಿಲ್ಲ.”

ನಾನು ಎದ್ದು ಹೋಗಿ ನಲ್ಲಿ ಜೋರಾಗಿ ತಿರುಗಿಸಿ ತಟ್ಟೆ ತೊಳೆಯತೊಡಗಿದೆ. ಹಿಂದಿನಿಂದ ನಗು ಕೇಳಿಸಿತು.

ಅಕ್ಕ ಹಾಗೆ ಮಾಡಿದ್ದಕ್ಕೆ ಕಾರಣ ಇತ್ತು. ಗಂಡ ಇದ್ದಾಗ ಬ್ಯಾಂಕಿನ ವ್ಯವಹಾರವೆಲ್ಲ ಗಂಡನದೇ. ಒಂದು ದಿನ ಅವರು ಕೆಲಸದ ಜಾಗದಲ್ಲೇ ಕುಸಿದು ಸತ್ತರು. ಯಾವ ಖಾತೆ ಎಲ್ಲಿದೆ, ಅದನ್ನು ತೆರೆಸುವುದು ಹೇಗೆ ಎಂಬುದು ಹೆಂಡತಿಗೆ ಗೊತ್ತಿರಲಿಲ್ಲ. ಖಾತೆಗಳನ್ನು ತಡೆಹಿಡಿದರು. ಶವಪೆಟ್ಟಿಗೆಯ ಖರ್ಚಿಗೆ ಅಕ್ಕ ಚರ್ಚಿನ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತರು. ಗಂಡ ದುಡಿದ ಹಣ ಬ್ಯಾಂಕಿನಲ್ಲಿತ್ತು, ಅವರನ್ನು ಹೂಳಿದ್ದು ಚರ್ಚಿಗೆ ಬಂದವರು ಹಾಕಿದ ಚಿಲ್ಲರೆಯಲ್ಲಿ. ಇದನ್ನು ಅಕ್ಕ ನನಗೆ ಒಂದು ಸಲ ಹೇಳಿದ್ದರು, ಎರಡನೆಯ ಸಲ ಹೇಳಲಿಲ್ಲ. “ನಾಳೆ ನಾನು ಬಿದ್ರೆ ಇವಳು ಡಬ್ಬಿ ಹಿಡಿಬಾರದು,” ಎಂದಷ್ಟೇ ಆ ಸಂಜೆ ಹೇಳಿದರು.

ಆ ವರ್ಷದ ಶರತ್ಕಾಲದಲ್ಲಿ ಈಲಿಂಗ್ ರೋಡಿನ ಮೀನಿನಂಗಡಿಯಲ್ಲಿ ಅಕ್ಕನ ಕಾರ್ಡ್ ನಡೆಯಲಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ಅವರು ಬಂಗುಡೆಯ ಚೀಲವನ್ನು ಕೌಂಟರಿನ ಮೇಲೆಯೇ ಬಿಟ್ಟು ಬ್ಯಾಂಕಿಗೆ ಹೋದರು. ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಕೆಲವು ದಿನಗಳಿಂದ ದಿನಕ್ಕೆ ಒಮ್ಮೆ, ಒಂದು ದಿನಕ್ಕೆ ತೆಗೆಯಬಹುದಾದಷ್ಟೂ ಹಣವನ್ನು ಯಂತ್ರಗಳಿಂದ ತೆಗೆಯಲಾಗಿತ್ತು. ಎಲ್ಲವೂ ವೆಂಬ್ಲಿಯ ಯಂತ್ರಗಳು. ಕಾರ್ಡ್ ಅಕ್ಕನ ಪರ್ಸಿನಲ್ಲೇ ಇತ್ತು.

ಆ ಹಣ ಮಗಳ ಓದಿನದು. ಅವಳು ಆ ತಿಂಗಳು ಕಾಲೇಜಿನ ಮೊದಲ ವರ್ಷಕ್ಕೆ ಸೇರಿದ್ದಳು. ಕಾಲೇಜಿಗೆ ಹೋಗಿಬರುವಾಗ ವೆಂಬ್ಲಿಯಲ್ಲಿ ಇಳಿದು ಬಸ್ ಹಿಡಿಯುತ್ತಿದ್ದಳು.

ಬ್ಯಾಂಕಿನವರ ಭೇಟಿಗೆ ನಾನೂ ಹೋದೆ. ಅಕ್ಕನ ಇಂಗ್ಲಿಷಿಗೆ ನನ್ನ ಸಹಾಯ ಬೇಕಿರಲಿಲ್ಲ, ಜೊತೆಗೊಬ್ಬರು ಇರಲಿ ಎಂದಿದ್ದರು. ಮಗಳು ಅವರ ಪಕ್ಕದಲ್ಲೇ ಕುಳಿತಿದ್ದಳು. ನಮ್ಮನ್ನು ಮಾತನಾಡಿಸಿದ ಅಧಿಕಾರಿ ಚಿಕ್ಕ ವಯಸ್ಸಿನವನು, ಸಭ್ಯ. ಮೊದಲು ಚಹಾ ಬೇಕೇ ಎಂದು ಕೇಳಿದ. ಕಾರ್ಡ್ ಯಾವಾಗಲಾದರೂ ಕಳೆದಿತ್ತೇ ಎಂದು ಕೇಳಿದ. ಇಲ್ಲ ಎಂದರು. ಪಿನ್ ಎಲ್ಲಾದರೂ ಬರೆದಿಟ್ಟಿದ್ದೀರಾ ಎಂದ. ಇಲ್ಲ, ಲಕೋಟೆಯನ್ನು ಒಲೆಯ ಮೇಲೆ ಸುಟ್ಟಿದ್ದೇನೆ ಎಂದರು. ನಿಮ್ಮನ್ನು ಬಿಟ್ಟು ಬೇರೆ ಯಾರಿಗಾದರೂ ಪಿನ್ ಗೊತ್ತೇ ಎಂದ.

“ನನ್ನ ಮಗಳಿಗೆ ಗೊತ್ತು,” ಎಂದು ಅಕ್ಕ ತಕ್ಷಣ ಹೇಳಿದರು. “ನಮ್ಮ ಮನೆಯಲ್ಲಿ ಮುಚ್ಚುಮರೆ ಇಲ್ಲ,” ಎಂದು ಸೇರಿಸಿದರು. ಆ ಮಾತು ಹೇಳುವಾಗ ಅವರ ಬೆನ್ನು ನೆಟ್ಟಗಾಯಿತು. ಊರಿನಲ್ಲಿ ಹೆಣ್ಣು ನೋಡಲು ಬಂದವರ ಮುಂದೆ, ಪಾದ್ರಿಯ ಮುಂದೆ, ಮನೆಯ ಮಾನ ಹೇಳಿಕೊಳ್ಳುವವರು ಹೇಳುವ ಮಾತು ಅದು.

ಅಧಿಕಾರಿ ಬರೆದುಕೊಂಡ. ಮಗಳು ತಾಯಿಯ ಕಡೆ ನೋಡಿದಳು.

ಅಕ್ಕನಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಅವರು ಹಳೆಯ ಚೀಟಿಗಳ ನೆನಪಿನಲ್ಲೇ ಬಂದಿದ್ದರು. ಮೇಜಿನ ಮೇಲಿದ್ದ ಖಾಲಿ ಹಾಳೆ ಎಳೆದುಕೊಂಡು ತಮ್ಮ ಸಹಿ ಹಾಕಿ ಅವನ ಕಡೆ ತಿರುಗಿಸಿದರು. ಹಣ ತೆಗೆದವರು ಹೀಗೆ ಎಲ್ಲಿ ಬರೆದಿದ್ದಾರೆ, ತೋರಿಸಿ ಎಂದರು. ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ. ತುಂಬ ಸುಂದರವಾಗಿದೆ ಎಂದ. ಯಂತ್ರದ ವ್ಯವಹಾರದಲ್ಲಿ ಸಹಿ ಇರುವುದಿಲ್ಲ ಎಂದು ವಿವರಿಸಿದ. ಹಾಳೆಯನ್ನು ಮಡಚಿ ವಾಪಸು ಕೊಟ್ಟ.

ಬ್ಯಾಂಕಿನ ತೀರ್ಮಾನ ಬರಲು ಕೆಲವು ವಾರ ಹಿಡಿಯಿತು. ಒಪ್ಪುವ ಪತ್ರವಲ್ಲ ಎಂಬುದು ಮೊದಲ ಸಾಲಿನಲ್ಲೇ ತಿಳಿಯುತ್ತಿತ್ತು. ಪ್ರತಿ ಸಲವೂ ಸರಿಯಾದ ಪಿನ್ ಮೊದಲ ಯತ್ನದಲ್ಲೇ ಒತ್ತಲಾಗಿದೆ, ಆದ್ದರಿಂದ ಹಣ ತೆಗೆದವರು ಗ್ರಾಹಕರು ಅಥವಾ ಗ್ರಾಹಕರಿಂದ ಪಿನ್ ತಿಳಿದವರು, ಪಿನ್ ಇನ್ನೊಬ್ಬರಿಗೆ ತಿಳಿಸಿರುವುದನ್ನು ಗ್ರಾಹಕರೇ ಒಪ್ಪಿದ್ದಾರೆ, ಅದು ಖಾತೆಯ ನಿಯಮಕ್ಕೆ ವಿರುದ್ಧ, ಹಣ ಮರಳಿಸಲಾಗದು. ನಾನು ಫೋನ್ ಮಾಡಿ, ಯಂತ್ರ ಓದಿದ್ದು ಕಾರ್ಡಿನ ಚಿಪ್ಪನ್ನೋ ಹಿಂದಿನ ಕಪ್ಪು ಪಟ್ಟಿಯನ್ನೋ ಎಂದು ಕೇಳಿದೆ. ಆ ಕಪ್ಪು ಪಟ್ಟಿಯನ್ನು ನಕಲು ಮಾಡಬಹುದೆಂಬುದು ಆಗಲೇ ಸುದ್ದಿಯಾಗಿತ್ತು. ಆ ದಾಖಲೆಯನ್ನು ಹೊರಗೆ ಕೊಡುವುದಿಲ್ಲ ಎಂದರು. ಕೊನೆಗೆ ಅತ್ತಲಿನ ಹೆಂಗಸು ದನಿ ತಗ್ಗಿಸಿ ಒಂದು ದಾರಿ ಹೇಳಿದಳು. ತಾಯಿಯವರು ಮಗಳ ಮೇಲೆ ಪೊಲೀಸರಿಗೆ ದೂರು ಕೊಟ್ಟು ಅದರ ನಂಬರ್ ತಂದರೆ ಪ್ರಕರಣವನ್ನು ಮತ್ತೆ ನೋಡಬಹುದು.

ಅದನ್ನು ಅಕ್ಕನಿಗೆ ಹೇಳಿದೆ. ಅವರು ತೊಗರಿಬೇಳೆ ಆರಿಸುತ್ತಿದ್ದರು.

“ಅವಳ ಓದಿನ ದುಡ್ಡು ಅವಳೇ ಕದಿಯುದಾ? ಅವರಿಗೆ ತಲೆ ಉಂಟಾ ಮಾರಾಯ್ರೆ?”

“ಇಲ್ಲ ಅಕ್ಕ. ಅವರ ಲೆಕ್ಕದಲ್ಲಿ ಇನ್ಯಾರಿಗೂ ನಂಬರ್ ಗೊತ್ತಿರೋ ಹಾಗಿಲ್ಲ. ಅದಕ್ಕೆ.”

“ಅವರ ಲೆಕ್ಕ ಅವರ ಹತ್ರವೇ ಇರ್ಲಿ. ನಾನು ಸ್ಟೇಷನ್ ಮೆಟ್ಟಿಲು ಹತ್ತುದಿಲ್ಲ.”

ಅವರು ಹತ್ತಲಿಲ್ಲ. ಆ ಪತ್ರವನ್ನು ಮಗಳಿಗೆ ತೋರಿಸಲೂ ಇಲ್ಲ. ಆದರೆ ಮರುದಿನದಿಂದ ಅಕ್ಕ ಸಣ್ಣ ಸಣ್ಣ ಪ್ರಶ್ನೆ ಕೇಳತೊಡಗಿದರು. ಆ ಜಾಕೆಟ್ ಹೊಸದಾ. ಅದು ಗೆಳತಿಯದ್ದೆಂದರೆ ಯಾವ ಗೆಳತಿ. ವೆಂಬ್ಲಿಯಲ್ಲಿ ಬಸ್ಸಿಗೆ ಅಷ್ಟು ಹೊತ್ತು ಕಾಯಬೇಕಾಗುತ್ತದಾ. ಕೇಳಿದ ಮೇಲೆ ತಾವೇ ಮಾತು ತಿರುಗಿಸಿ ಊಟಕ್ಕೆ ಏನು ಮಾಡಲಿ ಎನ್ನುತ್ತಿದ್ದರು. ಮಗಳು ‘ವಾಟೆವರ್’ ಎಂದು ಮೇಲೆ ಹೋಗುತ್ತಿದ್ದಳು.

ಒಂದು ಶನಿವಾರ ನಾನು ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದಾಗ ಅಕ್ಕ ಅದನ್ನು ಕೇಳಿಬಿಟ್ಟರು. ಕೊಂಕಣಿಯಲ್ಲಿ, ನಾನು ಇದ್ದೇನೆ ಎಂಬುದನ್ನು ಮರೆತು. ನನಗೆ ಕೊಂಕಣಿ ಅಷ್ಟು ಬಾರದು, ಈ ಪ್ರಶ್ನೆ ಅರ್ಥವಾಯಿತು. ನೀನಲ್ಲ ತಾನೇ, ಎಂದು ಕೇಳಿದ್ದರು.

ಮಗಳು ಹಿಡಿದಿದ್ದ ಲೋಟವನ್ನು ಕೆಳಗಿಟ್ಟಳು.

“ಹಾಂವ್ ನ್ಹಯ್, ಮಮ್ಮಾ.”

ನಾನಲ್ಲ ಎಂದಳು. ಆ ಮನೆಯಲ್ಲಿದ್ದ ಅಷ್ಟು ವರ್ಷಗಳಲ್ಲಿ ಅವಳು ತಾಯಿಗೆ ಕೊಂಕಣಿಯಲ್ಲಿ ಉತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ, “ನಾನು ಸುಮ್ಮನೆ ಕೇಳಿದ್ದು ಪುತಾ, ಬ್ಯಾಂಕಿನವರು ಹೇಳಿದ್ದಕ್ಕೆ ಕೇಳಿದ್ದು,” ಎನ್ನುತ್ತಲೇ ಇದ್ದರು. ಅವಳು ಕೇಳಿಸಿಕೊಳ್ಳಲಿಲ್ಲ. ಕ್ರಿಸ್‌ಮಸ್ಸಿಗೆ ಮೊದಲೇ ಕಾಲೇಜು ಬಿಟ್ಟು ಒಂದು ಫೋನ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ಕೊಲಿಂಡೇಲ್‌ನಲ್ಲಿ ಹೊಸದಾಗಿ ಎದ್ದ ಫ್ಲ್ಯಾಟುಗಳಲ್ಲಿ ಒಂದು ಕೋಣೆ ಹಿಡಿದಳು. ಸಾಮಾನು ಒಯ್ಯಲು ಬಂದ ದಿನ ಅಕ್ಕ ಅವಳಿಗೆ ಒಂದು ಡಬ್ಬಿ ಉಪ್ಪಿನಕಾಯಿ ಕೊಟ್ಟರು. ತೆಗೆದುಕೊಂಡಳು, ಥ್ಯಾಂಕ್ಸ್ ಎಂದಳು.

ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಹೊರಗಿನ ಸಂಸ್ಥೆಗೂ ಬರೆದೆವು. ಅದು ತಿಂಗಳುಗಟ್ಟಲೆ ತೆಗೆದುಕೊಂಡು ಬ್ಯಾಂಕಿನ ಮಾತನ್ನೇ ಎತ್ತಿಹಿಡಿಯಿತು. ಅಕ್ಕ ಬ್ಯಾಂಕಿನಲ್ಲಿ ಸ್ವತಃ ಒಪ್ಪಿಕೊಂಡ ಸಂಗತಿ ಅದರ ಕಾರಣಗಳಲ್ಲಿ ಮೊದಲನೆಯದು. ಪತ್ರ ಓದಿ ಹೇಳಿದಾಗ ಅಕ್ಕ, “ಸುಳ್ಳು ಹೇಳಿದ್ರೆ ಕೊಡ್ತಿದ್ರಾ?” ಎಂದು ಕೇಳಿದರು. ಹೌದು ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ, ಇಲ್ಲ ಎನ್ನಲೂ ಇರಲಿಲ್ಲ. ಗೊತ್ತಿಲ್ಲ ಎಂದೆ.

ಅದರ ಮುಂದಿನ ವರ್ಷ ನನ್ನ ಮೇಜಿಗೆ ಒಂದು ಸಣ್ಣ ಸುದ್ದಿ ಬಂತು. ನಮ್ಮ ಕಡೆಯ ಒಂದು ಪೆಟ್ರೋಲ್ ಬಂಕಿನಲ್ಲಿ ಪಿನ್ ಒತ್ತುವ ಯಂತ್ರದೊಳಗೆ ಇನ್ನೊಂದು ಸಾಧನ ಕೂರಿಸಿದ್ದರು. ಅದು ಕಾರ್ಡಿನ ಕಪ್ಪು ಪಟ್ಟಿಯನ್ನೂ ಒತ್ತಿದ ಅಂಕಿಯನ್ನೂ ನಕಲು ಮಾಡುತ್ತಿತ್ತು. ನಾನು ಮನೆಗೆ ಬಂದು ಅಕ್ಕನ ಹಳೆಯ ಬ್ಯಾಂಕ್ ಲೆಕ್ಕ ತೆಗೆಸಿದೆ. ಹಣ ಹೋಗುವ ಕೆಲವು ವಾರ ಮೊದಲು ಅದೇ ಬಂಕಿನ ಅಂಗಡಿಯಲ್ಲಿ ಒಮ್ಮೆ ಹಾಲು, ಬ್ರೆಡ್ ಕೊಂಡಿದ್ದರು. ಅಂದು ಮಳೆ, ದೂರದ ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ ಎಂದು ಅಕ್ಕನಿಗೆ ನೆನಪಿತ್ತು. ಕೈ ಮರೆಮಾಡಿಯೇ ಒತ್ತಿದ್ದೆ ಎಂದರು. ಅವರು ಯಾವಾಗಲೂ ಸೆರಗಿನಂತೆ ಸ್ಕಾರ್ಫ್ ಎಳೆದು ಮುಚ್ಚಿಯೇ ಒತ್ತುತ್ತಿದ್ದರು. ಯಂತ್ರದೊಳಗೇ ಕಳ್ಳನಿದ್ದರೆ ಸ್ಕಾರ್ಫ್ ಏನು ಮಾಡುತ್ತದೆ ಎಂದು ನಾನು ಹೇಳಲಿಲ್ಲ.

ಬ್ಯಾಂಕಿಗೆ ಆ ಸುದ್ದಿಯನ್ನೂ ಲೆಕ್ಕದ ಪ್ರತಿಯನ್ನೂ ಕಳಿಸಿದೆವು. ಆ ಸಾಧನ ಯಾವ ದಿನದಿಂದ ಅಲ್ಲಿತ್ತೆಂಬುದಕ್ಕೆ ಪುರಾವೆ ಇಲ್ಲ, ಪ್ರಕರಣ ಮುಗಿದಿದೆ ಎಂದು ಉತ್ತರ ಬಂತು. ಆ ದಿನಾಂಕ ನನಗೂ ಗೊತ್ತಾಗಲಿಲ್ಲ. ಯಂತ್ರದ ದಾಖಲೆಯನ್ನು ನಾನು ಇಂದಿಗೂ ನೋಡಿಲ್ಲ. ಹಣ ತೆಗೆದವರು ಯಾರೆಂದು ನನಗೆ ತಿಳಿದಿಲ್ಲ.

ಅಕ್ಕನಿಗೆ ಮಾತ್ರ ತಿಳಿಯಿತು. ಆ ಸಂಜೆಯೇ ಕೊಲಿಂಡೇಲ್‌ಗೆ ಫೋನ್ ಮಾಡಿದರು. “ಪೆಟ್ರೋಲ್ ಬಂಕಿನವರು ಪುತಾ, ಪೆಟ್ರೋಲ್ ಬಂಕಿನವರು,” ಎಂದು ಎರಡು ಸಲ ಹೇಳಿದರು. ಫೋನ್ ಇಟ್ಟು ಬಂದು ಕುಳಿತರು.

“ಏನಂದಳು ಅಕ್ಕ?”

“ಓಕೆ ಅಂದಳು.”

“ಅಷ್ಟೇನಾ?”

“ಓಕೆ, ಮಮ್. ಅಷ್ಟೇ.”

ಹೊಸ ಕಾರ್ಡ್ ಬಂದಾಗ ಅಕ್ಕ ಪಿನ್ ಬದಲಾಯಿಸಿಕೊಂಡರು. ಬ್ಯಾಂಕಿನವರು ಹೇಳಿದ ಎಲ್ಲವನ್ನೂ ಪಾಲಿಸಿದರು. ಎಲ್ಲೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ನಾನು ಒಮ್ಮೆ, ಮಗಳಿಗಾದರೂ ಗೊತ್ತಿರಲಿ ಅಕ್ಕ ಎಂದೆ. “ಬೇಡ ಮಾರಾಯ್ರೆ. ಅವಳಿಗೆ ಗೊತ್ತಿದ್ರೆ ನಾಳೆ ಪುನಃ ಅವಳ ಹೆಸರೇ ಹೇಳ್ತಾರೆ. ಗೊತ್ತಿಲ್ಲದಿದ್ರೆ ಅವಳು ಕ್ಷೇಮ,” ಎಂದರು. ಕಾರ್ಡಿನ ಹಿಂದೆ ಬಿಳಿ ಪಟ್ಟಿ ಈಗಲೂ ಇತ್ತು. ಅಲ್ಲಿ ಅವರು ಸಹಿ ಹಾಕಿರಲಿಲ್ಲ. ಯಾವ ಅಂಗಡಿಯವರೂ ಅದನ್ನು ತಿರುಗಿಸಿ ನೋಡಲಿಲ್ಲ.

2009ರ ನವೆಂಬರ್ 1ರಂದು ಹೊಸ ನಿಯಮ ಜಾರಿಗೆ ಬಂತು. ಪಿನ್ ಬಳಕೆಯಾಗಿದೆ ಎಂಬ ದಾಖಲೆಯೊಂದೇ ಗ್ರಾಹಕರು ಒಪ್ಪಿಗೆ ಕೊಟ್ಟಿದ್ದರು ಎನ್ನಲು ಸಾಲದಾಗಬಹುದು, ಸಾಬೀತು ಮಾಡಬೇಕಾದದ್ದು ಬ್ಯಾಂಕ್ ಎಂದು ಅದು ಹೇಳಿತು. ಸುದ್ದಿಯ ತಲೆಬರಹ ನಾನೇ ಕೊಟ್ಟೆ. ಅಕ್ಕನ ಹೆಸರಿನಲ್ಲಿ ಇನ್ನೊಂದು ಪತ್ರ ಬರೆದೆ. ನಿಯಮ ಹಿಂದಿನ ಪ್ರಕರಣಗಳಿಗೆ ಅನ್ವಯಿಸದು ಎಂದು ಬ್ಯಾಂಕ್ ಉತ್ತರಿಸಿತು. ಆ ಉತ್ತರವನ್ನು ಅಕ್ಕ ಓದಲಿಲ್ಲ. ಅದು ಬರುವ ಹಿಂದಿನ ವಾರ ಊಟ ಪ್ಯಾಕ್ ಮಾಡುವ ಬೆಲ್ಟಿನ ಪಕ್ಕ ಅವರು ಬಿದ್ದರು. ಪಾರ್ಶ್ವವಾಯು ಎಂದರು. ಬಲಗೈ ಆಡುತ್ತಿರಲಿಲ್ಲ, ಮಾತು ಹೋಗಿತ್ತು.

ಮಗಳು ಕೊಲಿಂಡೇಲ್‌ನಿಂದ ಬಂದಳು. ಆಸ್ಪತ್ರೆಯಲ್ಲಿ ತಾಯಿಯ ಪಕ್ಕ ಕುಳಿತು ಕೊಂಕಣಿಯಲ್ಲೇ ಮಾತನಾಡುತ್ತಿದ್ದಳು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದರು.

ಮನೆಯ ಗ್ಯಾಸ್ ಬಿಲ್ ಕಟ್ಟಬೇಕಿತ್ತು. ನಾನು ಕೊಡುತ್ತೇನೆ ಎಂದೆ. ಬೇಡ, ಮಮ್ ದುಡ್ಡು ಇದೆಯಲ್ಲ ಎಂದು ಅವಳು ಕಾರ್ಡ್ ತೆಗೆದುಕೊಂಡು ಗ್ರೀನ್‌ಫರ್ಡ್‌ನ ಯಂತ್ರಕ್ಕೆ ಹೋದಳು. ನಾನು ಜೊತೆಗಿದ್ದೆ. ಊಟದ ಮೇಜಿನಲ್ಲಿ ಕೇಳಿದ್ದ ಹಳೆಯ ನಂಬರನ್ನು ಒತ್ತಿದಳು. ತಪ್ಪು ಎಂದು ಬಂತು. ತನ್ನ ಹುಟ್ಟಿದ ದಿನ ಒತ್ತಿದಳು. ಅಪ್ಪ ಸತ್ತ ದಿನ ಒತ್ತಿದಳು. ಮೂರನೆಯದೂ ತಪ್ಪಾದಾಗ ಯಂತ್ರ ಕಾರ್ಡನ್ನು ಒಳಗೇ ಇಟ್ಟುಕೊಂಡಿತು.